ಕೀಲಿಮಣೆಯ ಹಳೆಯ ಒಕ್ಕಲು



ಮೂರು ದಶಕ ಕನ್ನಡ ಪಾಠ ಹೇಳಿದವನು ಗಣಕಯಂತ್ರದ ಕೀಲಿಗಳನ್ನು ಕುರಿತು ಮಾತನಾಡಲು ಕುಳಿತದ್ದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಅಕ್ಷರ ಎಲ್ಲಿಯೋ ಕನ್ನಡ ಮೇಷ್ಟರ ಬಾಧ್ಯತೆಯೂ ಅಲ್ಲಿಯೇ. ಒಂದು ಕಾಲಕ್ಕೆ ಅಕ್ಷರ ಮರಳಿನ ಮೇಲೆ ಬೆರಳಿನಿಂದ ಹುಟ್ಟುತ್ತಿತ್ತು. ಆಮೇಲೆ ಬಳಪ ಬಂತು, ಲೇಖನಿ ಬಂತು, ಅಚ್ಚಿನ ಮೊಳೆ ಬಂತು. ಈಗ ಅದು ಗೇಣೆರಡು ಅಗಲದ ಕೀಲಿಮಣೆಯ ಮೇಲೆ ಹುಟ್ಟುತ್ತಿದೆ. ಆ ಮಣೆಯ ಮೇಲೆ ಯಾರು ಕೂರಬೇಕು, ಯಾರು ಏಳಬೇಕು ಎಂಬುದು ಯಂತ್ರ ಮಾಡುವವರಿಗೆ ಮಾತ್ರ ಬಿಟ್ಟ ವಿಚಾರವಲ್ಲವೆಂದು ನಾನು ಭಾವಿಸಿದ್ದೇನೆ.

ಲ್ಯಾಪ್‌ಟಾಪ್ ಎಂಬ ಈ ಮಡಿಲ ಮೇಲಿನ ಗಣಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಮೈ ಇಳಿದಂತೆ ಕೀಲಿಗಳಿಗೆ ಜಾಗ ಸಾಲದು. ಜಾಗ ಸಾಲದಾದಾಗ ಮನೆಯಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. ಮೊದಲು ಕಣ್ಣು ಬೀಳುವುದು ಮುದುಕರ ಮೇಲೆ. ಸ್ಕ್ರೋಲ್ ಲಾಕ್, ಪಾಸ್, ಬ್ರೇಕ್, ಸಿಸ್ಟಮ್ ರಿಕ್ವೆಸ್ಟ್, ಇನ್ಸರ್ಟ್, ನಮ್ ಲಾಕ್ ಎಂಬ ಹೆಸರಿನ ಕೀಲಿಗಳು ಇವೆಯಲ್ಲ, ಇವು ಯಾವುದೋ ಹಳೆಯ ಯಂತ್ರಭಾಗಕ್ಕಾಗಿ ಹುಟ್ಟಿದವು. ಆ ಯಂತ್ರಭಾಗವೇ ಈಗ ಇಲ್ಲ. ಹಾಗಿರುವಾಗ ಕೀಲಿ ಏಕೆ ಎಂದು ಕೇಳುತ್ತಾರೆ. ಕೇಳುವವರ ಮಾತಿನಲ್ಲಿ ತರ್ಕವಿದೆ. ಆ ತರ್ಕ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ನೋಡೋಣ.

ಮೊದಲು ಇವುಗಳ ಕುಲಗೋತ್ರ. ಐಬಿಎಂ ಸಂಸ್ಥೆಯು 1981ರಲ್ಲಿ ತನ್ನ ಮೊದಲ ವೈಯಕ್ತಿಕ ಗಣಕವನ್ನು ಹೊರತಂದಾಗ ಅದರ ಕೀಲಿಮಣೆಯಲ್ಲಿ 83 ಕೀಲಿಗಳಿದ್ದುವು. ಆಗ ಅದರೊಡನೆ ಇಲಿ ಎಂದು ನಾವು ಕರೆಯುವ ಮೌಸ್ ಇರಲಿಲ್ಲ. ಪರದೆಯ ಮೇಲೆ ಸಾಲುಗಳು ಸರಸರನೆ ಮೇಲಕ್ಕೆ ಓಡುತ್ತಿದ್ದುವು. ಬಾಣದ ಕೀಲಿ ಒತ್ತಿದಾಗ ಸೂಚಕ ಚಲಿಸಬೇಕೋ, ಇಡೀ ಪುಟವೇ ಸರಿಯಬೇಕೋ ಎಂಬುದನ್ನು ನಿರ್ಣಯಿಸಲು ಸ್ಕ್ರೋಲ್ ಲಾಕ್ ಬಂತು. ಬಾಣಗಳಿಗೂ ಅಂಕಿಗಳಿಗೂ ಒಂದೇ ಕೀಲಿಗುಂಪನ್ನು ಹಂಚಿದ್ದರಿಂದ, ಈಗ ಯಾರ ಪಾಳಿ ಎಂದು ಹೇಳಲು ನಮ್ ಲಾಕ್ ಬಂತು. 1984ರ ಎಟಿ ಮಾದರಿಯಲ್ಲಿ 84ನೆಯದಾಗಿ ಸೇರಿದ್ದು ಸಿಸ್ಟಮ್ ರಿಕ್ವೆಸ್ಟ್; ಒಂದು ಕಾರ್ಯವ್ಯವಸ್ಥೆಯಿಂದ ಇನ್ನೊಂದಕ್ಕೆ ಹಾಯಲು ನೆರವಾಗಲೆಂದು ಇಟ್ಟ ಅದು ಬಹುಮಟ್ಟಿಗೆ ಕೆಲಸವಿಲ್ಲದೆಯೇ ಕುಳಿತಿತ್ತು. 1986ರ ಹೊತ್ತಿಗೆ ಕೀಲಿಗಳ ಸಂಖ್ಯೆ 101 ಆಯಿತು. ಬಾಣಗಳಿಗೆ ಬೇರೆ ಮನೆ, ಅಂಕಿಗಳಿಗೆ ಬೇರೆ ಮನೆ ಆಯಿತು. ಬ್ರೇಕ್ ಎಂಬ ಕೀಲಿಯ ವಂಶ ಇನ್ನೂ ಹಿಂದಿನದು. ತಂತಿಯ ಕಾಲದಲ್ಲಿ, ದೂರಮುದ್ರಕದ ಕಾಲದಲ್ಲಿ, ಆ ಕಡೆಯವನು ಕಳಿಸುತ್ತಿರುವಾಗ ಈ ಕಡೆಯವನು ‘ತಡೆ’ ಎನ್ನಬೇಕಾದರೆ ತಂತಿಯ ಸಂಪರ್ಕವನ್ನು ಒಂದು ಕ್ಷಣ ಕಡಿಯುತ್ತಿದ್ದ. ಆ ಕಡಿತವೇ ಬ್ರೇಕ್. ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಿಗೆ ತಂತಿ ಸೇವೆ ಮುಗಿಯಿತು; ಕೀಲಿ ಮಾತ್ರ ಎಷ್ಟೋ ಮೇಜುಗಳ ಮೇಲೆ ಇನ್ನೂ ಉಳಿದಿದೆ.

ಇದನ್ನು ಕೇಳಿದರೆ, ತೆಗೆದೇಬಿಡಿ ಎನ್ನಬೇಕೆನಿಸುತ್ತದೆ. ಆದರೆ ಹುಟ್ಟಿಸಿದ ಯಂತ್ರಭಾಗ ಹೋಯಿತೆಂದು ಕೀಲಿಯನ್ನು ಏಳಿಸುವುದೇ ನಿಯಮವಾದರೆ, ಮೊದಲು ಏಳಬೇಕಾದದ್ದು ಸ್ಕ್ರೋಲ್ ಲಾಕ್ ಅಲ್ಲ, ಶಿಫ್ಟ್. ಶಿಫ್ಟ್ ಎಂದರೆ ಸರಿಸು. ಏನನ್ನು ಸರಿಸುವುದು? 1878ರ ಎರಡನೆಯ ಮಾದರಿಯ ರೆಮಿಂಗ್ಟನ್ ಬೆರಳಚ್ಚು ಯಂತ್ರದಲ್ಲಿ ಒಂದೊಂದು ಅಚ್ಚಿನ ಕಡ್ಡಿಯ ತುದಿಯಲ್ಲಿ ಚಿಕ್ಕಕ್ಷರ, ದೊಡ್ಡಕ್ಷರ ಎರಡನ್ನೂ ಕೊರೆದಿದ್ದರು; ದೊಡ್ಡದು ಬೇಕಾದಾಗ ಯಂತ್ರದ ಭಾಗವೊಂದು ನಿಜವಾಗಿ ಜರುಗುತ್ತಿತ್ತು. ಇಂದು ಏನೂ ಜರುಗುವುದಿಲ್ಲ. ರಿಟರ್ನ್ ಎಂಬ ಹೆಸರು ಕಾಗದದ ಗಾಡಿಯನ್ನು ಸಾಲಿನ ಮೊದಲಿಗೆ ಮರಳಿಸುವುದರಿಂದ ಬಂದದ್ದು. ಇಂದು ಗಾಡಿಯೂ ಇಲ್ಲ, ಮರಳುವುದೂ ಇಲ್ಲ. ಟ್ಯಾಬ್ ಅಂದರೆ ಕೋಷ್ಟಕದ ಕಂಬಸಾಲುಗಳಿಗೆ ಹಾಕುತ್ತಿದ್ದ ಲೋಹದ ತಡೆ, ಅದೂ ಇಲ್ಲ. ಆದರೂ ಈ ಮೂರು ಕೀಲಿಗಳಿಲ್ಲದೆ ಯಾರೂ ಒಂದು ಅರ್ಜಿಯನ್ನು ಸಹ ಬರೆಯಲಾರರು. ಹೆಸರಿನ ಅರ್ಥ ಸತ್ತಿತು, ಕೆಲಸ ಬದುಕಿತು. ಶಬ್ದಾರ್ಥದ ವಿಷಯದಲ್ಲಿ ಇದು ನಮಗೆ ಹೊಸದಲ್ಲ. ‘ಎಣ್ಣೆ’ ಎಂಬ ಮಾತಿನಲ್ಲಿ ಎಳ್ಳು ಇದೆ; ಹಾಗೆಂದು ನಮ್ಮ ಕಡೆ ಶೇಂಗಾ ಎಣ್ಣೆ ಎನ್ನುವವರನ್ನು ಯಾರೂ ತಡೆದಿಲ್ಲ.

ಬಳ್ಳಾರಿಯ ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳನ್ನು ಕಂಡವರಿಗೆ ಇನ್ನೊಂದು ಮಾತು ನೆನಪಿರಬಹುದು. ಕನ್ನಡ ಬೆರಳಚ್ಚಿನಲ್ಲಿ ಕೆಲವು ಕೀಲಿಗಳನ್ನು ಒತ್ತಿದರೆ ಅಚ್ಚು ಬೀಳುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಅಕ್ಷರದ ಮೇಲೆಯೋ ಕೆಳಗೆಯೋ ಕೂರಬೇಕಾದ ಚಿಹ್ನೆಗಳಿಗಾಗಿ ಮಾಡಿದ ಏರ್ಪಾಡು ಅದು. ಅವುಗಳಿಗೆ ಡೆಡ್ ಕೀ, ಅಂದರೆ ಸತ್ತ ಕೀಲಿ ಎಂದು ಹೆಸರು. ವ್ಯಂಜನಕ್ಕೆ ಸ್ವರದ ಉಸಿರು ಕೊಡುತ್ತಿದ್ದ ಕೀಲಿಯನ್ನೇ ಸತ್ತದ್ದು ಎನ್ನುತ್ತಿದ್ದರು! ಸಾಯುವುದು, ಬದುಕುವುದು ಎಂಬ ಮಾತನ್ನು ಕೀಲಿಯ ವಿಷಯದಲ್ಲಿ ಸ್ವಲ್ಪ ಎಚ್ಚರದಿಂದ ಆಡಬೇಕು ಎನ್ನುವುದಕ್ಕಾಗಿ ಇದನ್ನು ಹೇಳಿದೆ.

ಇರಲಿ. ಕೀಲಿಯ ಅಳಿವು ಉಳಿವನ್ನು ನಿರ್ಣಯಿಸುವ ಒರೆಗಲ್ಲು ಯಾವುದು? 1974ರಲ್ಲಿ ಭೂಸುಧಾರಣೆಯ ಕಾನೂನು ಜಾರಿಗೆ ಬಂದಾಗ ನಾಡಿನ ಉದ್ದಗಲಕ್ಕೆ ಒಂದು ಮಾತು ಕೇಳಿಬಂತು: ಉಳುವವನೇ ಹೊಲದೊಡೆಯ. ಪಹಣಿಯಲ್ಲಿ ಯಾರ ಹೆಸರಿದೆ ಎಂಬುದಕ್ಕಿಂತ ನೇಗಿಲು ಯಾರ ಕೈಯಲ್ಲಿದೆ ಎಂಬುದು ಮುಖ್ಯವಾಯಿತು. ಕೀಲಿಯ ಮೇಲೂ ಇದೇ ಪ್ರಶ್ನೆಯನ್ನು ಹಾಕಬೇಕೆಂದು ನನ್ನ ವಾದ. ಅದನ್ನು ಯಾತಕ್ಕೆ ಮಾಡಿದರು ಎಂದು ಕೇಳಿದರೆ ಸಾಲದು. ಇಂದು ಯಾರ ಬೆರಳು ಅದರ ಮೇಲೆ ಉಳುಮೆ ಮಾಡುತ್ತಿದೆ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಹಿಡಿದು ನಮ್ಮ ಜಿಲ್ಲೆಯಲ್ಲೇ ಸ್ವಲ್ಪ ತಿರುಗಾಡಿ ಬರೋಣ.

ಕುರುಗೋಡಿನಲ್ಲಿ ನನಗೆ ಪರಿಚಿತರಾದ ಲೆಕ್ಕಪತ್ರದ ನೌಕರರೊಬ್ಬರಿದ್ದಾರೆ. ಎಕ್ಸೆಲ್ ಎಂಬ ಕೋಷ್ಟಕದ ತಂತ್ರಾಂಶದಲ್ಲಿ ಅವರ ಇಡೀ ಸಂಸಾರ. ಒಂದು ದಿನ ಬಾಣದ ಕೀಲಿ ಒತ್ತಿದರೆ ಸೂಚಕವು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಬದಲು ಇಡೀ ಹಾಳೆಯೇ ತೆಪ್ಪದಂತೆ ತೇಲತೊಡಗಿತು. ಯಂತ್ರಕ್ಕೆ ಏನೋ ರೋಗ ತಗುಲಿತೆಂದು ಅವರು ಬಗೆದರು. ಆದದ್ದು ಇಷ್ಟೆ: ಹಿಂದಿನ ದಿನ ಹೊರಗಿನ ಕೀಲಿಮಣೆಯೊಂದನ್ನು ಜೋಡಿಸಿಕೊಂಡಿದ್ದಾಗ ಕೈ ತಪ್ಪಿ ಸ್ಕ್ರೋಲ್ ಲಾಕ್ ಅದುಮಿಹೋಗಿತ್ತು. ಅದನ್ನು ಬಿಡಿಸಬೇಕಾದರೆ ಅದೇ ಕೀಲಿಯನ್ನು ಮತ್ತೆ ಒತ್ತಬೇಕು. ಅವರ ಹೊಸ ಲ್ಯಾಪ್‌ಟಾಪಿನಲ್ಲಿ ಆ ಕೀಲಿ ಇಲ್ಲ. ಕಡೆಗೆ ಪರದೆಯ ಮೇಲೆ ಚಿತ್ರದ ಕೀಲಿಮಣೆಯನ್ನು ತೆರೆದು, ಇಲಿಯಿಂದ ಅದರ ಮೇಲೆ ಚಿವುಟಿ ಬಿಡಿಸಿಕೊಂಡರು. ನೋಡಿ, ಕೀಲಿಯನ್ನು ತೆಗೆದರು, ಕೀಲಿಯ ಕೆಲಸವನ್ನು ತೆಗೆಯಲಿಲ್ಲ. ಬಾಗಿಲನ್ನು ಉಳಿಸಿ ಅಗುಳಿಯನ್ನು ಕಿತ್ತಂತೆ ಆಯಿತು. ಸ್ಕ್ರೋಲ್ ಲಾಕಿನ ಮೇಲೆ ನನಗೆ ವಿಶೇಷ ಮಮತೆಯೇನೂ ಇಲ್ಲ. ಆದರೆ ಒಳಗಿನ ತಂತ್ರಾಂಶ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರುವವರೆಗೆ ಹೊರಗೆ ಅದಕ್ಕೊಂದು ಹಿಡಿಕೆ ಇರಲೇಬೇಕು. ಕೆಲವು ಕಂಪನಿಗಳು ಇದನ್ನು ತಿಳಿದು ನಡೆದಿವೆ. ಥಿಂಕ್‌ಪ್ಯಾಡ್ ಎಂಬ ಹೆಸರಿನ ಲ್ಯಾಪ್‌ಟಾಪುಗಳಲ್ಲಿ ಫಂಕ್ಷನ್ ಕೀಲಿಯೊಡನೆ ಕೆ ಒತ್ತಿದರೆ ಸ್ಕ್ರೋಲ್ ಲಾಕ್, ಬಿ ಒತ್ತಿದರೆ ಬ್ರೇಕ್, ಪಿ ಒತ್ತಿದರೆ ಪಾಸ್. ಮಣೆಯ ಮೇಲೆ ಪೂರ್ಣಾಕ್ಷರದ ಜಾಗ ಕೊಡದೆ ಒತ್ತಕ್ಷರದ ಜಾಗ ಕೊಟ್ಟಂತೆ. ಕನ್ನಡಿಗರಿಗೆ ಈ ಏರ್ಪಾಡು ಬಿಡಿಸಿ ಹೇಳಬೇಕಾದದ್ದಲ್ಲ.

ಸಿರುಗುಪ್ಪಕ್ಕೆ ಬಂದರೆ ಸಮಸ್ಯೆ ಬೇರೆ. ಭತ್ತದ ಸೀಮೆ ಅದು. ಕೊಯ್ಲಿನ ಹಂಗಾಮಿನಲ್ಲಿ ರೈಸ್ ಮಿಲ್ಲಿನ ಗುಮಾಸ್ತರು ಕೆಲಸ ಮಾಡುವುದನ್ನು ನಿಂತು ನೋಡಬೇಕು. ಎಡಗೈ ಚೀಟಿಗಳ ಕಂತೆಯ ಮೇಲೆ, ಕಣ್ಣು ಚೀಟಿಯ ಮೇಲೆ, ಬಲಗೈ ಅಂಕಿಗಳ ಗುಂಪಿನ ಮೇಲೆ. ಚೀಲ ಎಷ್ಟು, ಕ್ವಿಂಟಲ್ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು; ಬೆರಳು ಕೀಲಿಯನ್ನು ನೋಡದೆಯೇ ಬಡಿಯುತ್ತ ಹೋಗುತ್ತದೆ. ಅವರು ಬಳಸುವುದು ಟ್ಯಾಲಿ. ನಮ್ಮ ಬೆಂಗಳೂರಿನ ಗೋಯೆಂಕಾ ತಂದೆಮಕ್ಕಳು 1986ರಲ್ಲಿ ಆರಂಭಿಸಿದ ಸಂಸ್ಥೆಯ ತಂತ್ರಾಂಶ ಅದು. ಇಂದು ದೇಶದ ಸಣ್ಣ ವ್ಯಾಪಾರಿಯ ಖಾತೆಪುಸ್ತಕವೇ ಅದಾಗಿದೆ. ಅದರಲ್ಲಿ ಎಫ್5 ಒತ್ತಿದರೆ ಪಾವತಿ, ಎಫ್6 ಜಮೆ, ಎಫ್8 ಮಾರಾಟ, ಎಫ್9 ಖರೀದಿ. ಈ ಎಫ್ ಸಾಲಿನ ಕೀಲಿಗಳು ಕೂಡ ಹಳೆಯ ದೊಡ್ಡ ಗಣಕಗಳ ಕಾಲದ ಒಕ್ಕಲುಗಳೇ. ಹೊಸ ಲ್ಯಾಪ್‌ಟಾಪುಗಳಲ್ಲಿ ಅನೇಕವು ಈ ಸಾಲನ್ನು ಧ್ವನಿ ಏರಿಸುವುದಕ್ಕೆ, ಬೆಳಕು ಇಳಿಸುವುದಕ್ಕೆ ಬಿಟ್ಟುಕೊಟ್ಟಿವೆ. ಖರೀದಿ ಬರೆಯಲು ಹೋದವನ ಪರದೆ ಕತ್ತಲಾಗುತ್ತದೆ. ಅದನ್ನು ಸರಿಪಡಿಸುವ ಉಪಾಯವಿದೆ, ನಿಜ. ಆದರೆ ಆ ಉಪಾಯ ಒಂದೊಂದು ಕಂಪನಿಯದು ಒಂದೊಂದು ಬಗೆ. ಇನ್ನು ಹದಿನಾಲ್ಕು ಅಂಗುಲದ ಯಂತ್ರದಲ್ಲಿ ಬಲಗಡೆಯ ಅಂಕಿಗಳ ಗುಂಪೇ ಇರುವುದು ಅಪೂರ್ವ. ಹಾಗಾಗಿ ಆ ಗುಮಾಸ್ತರ ಮೇಜಿನ ಮೇಲೆ ತೆಳುವಾದ ಲ್ಯಾಪ್‌ಟಾಪ್. ಅದರ ಪಕ್ಕದಲ್ಲಿ ತಂತಿಯ ಬಾಲದ, ಕಪ್ಪು ಬಣ್ಣದ, ಅಗ್ಗದ ದೊಡ್ಡ ಕೀಲಿಮಣೆ. ಕಂಪನಿ ಉಳಿಸಿದ ಜಾಗವನ್ನು ಗಿರಾಕಿ ತನ್ನ ಮೇಜಿನಲ್ಲಿ ತುಂಬಿಕೊಡುತ್ತಿದ್ದಾನೆ.

ಇವೆಲ್ಲ ಅನಾನುಕೂಲದ ಮಾತು. ದುಡ್ಡಿದ್ದವನು ಇನ್ನೊಂದು ಕೀಲಿಮಣೆ ಕೊಂಡಾನು. ನಾನು ಈ ಭಾಷಣಕ್ಕೆ ಒಪ್ಪಿಕೊಂಡದ್ದು ಇದಕ್ಕಾಗಿ ಅಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ಹುಟ್ಟಿನಿಂದ ಕಣ್ಣು ಕಾಣದವಳು. ಎಂ.ಎ.ಯಲ್ಲಿ ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು; ಈಗ ಜಿಲ್ಲೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಇಲಾಖೆಯ ಪತ್ರ ಎಲ್ಲವನ್ನೂ ಆಕೆಯೇ ಗಣಕದಲ್ಲಿ ಬರೆಯುತ್ತಾಳೆ. ಪರದೆಯನ್ನು ಓದಿಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದು ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬವರು 2006ರಲ್ಲಿ ಆರಂಭಿಸಿದ್ದು. ಅವರೂ ಕಣ್ಣು ಕಾಣದವರೇ. ಅದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಕನ್ನಡವನ್ನೂ ಅದು ಓದುತ್ತದೆ, ಉಚ್ಚಾರ ಸ್ವಲ್ಪ ಲೋಹದ್ದಾದರೂ. ಈ ತಂತ್ರಾಂಶಕ್ಕೆ ಅಪ್ಪಣೆ ಕೊಡಬೇಕಾದರೆ ಒಂದು ಕೀಲಿಯನ್ನು ಅದುಮಿ ಹಿಡಿದು ಇನ್ನೊಂದನ್ನು ಒತ್ತಬೇಕು. ಹಿಡಿಯುವ ಆ ಕೀಲಿ ಯಾವುದು ಗೊತ್ತೇ? ಇನ್ಸರ್ಟ್. ಇನ್ಸರ್ಟ್ ಹಿಡಿದು ಟಿ ಒತ್ತಿದರೆ ಯಾವ ಕಡತ ತೆರೆದಿದೆ ಎಂದು ಹೇಳುತ್ತದೆ. ಇನ್ಸರ್ಟ್ ಹಿಡಿದು ಕೆಳಬಾಣ ಒತ್ತಿದರೆ ಅಲ್ಲಿಂದ ಮುಂದಕ್ಕೆ ಓದಿಕೊಂಡು ಹೋಗುತ್ತದೆ. ಇನ್ಸರ್ಟ್ ಹಿಡಿದು ಎಫ್12 ಒತ್ತಿದರೆ ಗಂಟೆ ಎಷ್ಟೆಂದು ತಿಳಿಸುತ್ತದೆ. ಇದಕ್ಕಿಂತ ಹಳೆಯದಾದ ಜಾಸ್ ಎಂಬ ತಂತ್ರಾಂಶದಲ್ಲಿಯೂ ಇದೇ ಸಂಪ್ರದಾಯ.

ಕಣ್ಣಿದ್ದವರಿಗೆ ಇನ್ಸರ್ಟ್ ಒಂದು ಕಿರುಕುಳ. ತಿಳಿಯದೆ ಒತ್ತಿಹೋದರೆ ಹೊಸದಾಗಿ ಬರೆದ ಅಕ್ಷರ ಮುಂದಿನ ಅಕ್ಷರವನ್ನು ನುಂಗುತ್ತಿತ್ತು. ಬರೆದವನು ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ಈಚಿನ ವರ್ಡ್ ತಂತ್ರಾಂಶದಲ್ಲಿ ಆ ಕೆಲಸವನ್ನು ಅದರಿಂದ ಕಸಿದುಕೊಂಡೇ ಇದ್ದಾರೆ, ಬೇಕಾದವನು ಬೇಡಿ ಪಡೆಯಬೇಕು. ಕೆಲಸ ಹೋದ ಕೀಲಿ ಎಂದು ಕಂಪನಿಗಳು ಅದನ್ನು ಏಳಿಸಲು ಹೊರಟದ್ದು ಹೀಗೆ. ಆದರೆ ಯಜಮಾನ ಕೈಬಿಟ್ಟ ಹೊಲವನ್ನು ಅಷ್ಟರಲ್ಲಿ ಬೇರೊಬ್ಬರು ಹಸನು ಮಾಡಿ ಬಿತ್ತಿದ್ದರು. ಯಾರೂ ಬಳಸದ ಕೀಲಿಯಾದ್ದರಿಂದಲೇ ಅದು ಅಂಧರ ಕೆಲಸಕ್ಕೆ ಒದಗಿತು ಎಂಬುದನ್ನು ಗಮನಿಸಿ. ಬೇರೆ ಯಾವ ಕೀಲಿಯನ್ನು ಹಿಡಿದಿದ್ದರೂ ಅದು ಇನ್ನಾವುದೋ ತಂತ್ರಾಂಶದ ಅಪ್ಪಣೆಗೆ ಅಡ್ಡ ಬರುತ್ತಿತ್ತು.

ಇನ್ಸರ್ಟ್ ಇಲ್ಲದ ಕಡೆ ಕ್ಯಾಪ್ಸ್ ಲಾಕನ್ನು ಆ ಕೆಲಸಕ್ಕೆ ನೇಮಿಸಿಕೊಳ್ಳುವ ಸೌಲಭ್ಯ ಎನ್‌ವಿಡಿಎಯಲ್ಲಿದೆ. ಲ್ಯಾಪ್‌ಟಾಪಿಗಾಗಿ ಬೇರೆಯೇ ಒಂದು ಅಪ್ಪಣೆಗಳ ಪಟ್ಟಿಯೂ ಇದೆ. ಮುಂದಕ್ಕೆ ಓದು ಎನ್ನಲು ಅಲ್ಲಿ ಕೆಳಬಾಣವಲ್ಲ, ಎ ಕೀಲಿ. ಅಂದರೆ ಶಾಲೆಯ ಮೇಜಿನ ಗಣಕದಲ್ಲಿ ಒಂದು ಬೆರಳಭ್ಯಾಸ, ಮನೆಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು. ಅದನ್ನೂ ಕಲಿತಾರು. ಆದರೆ ಕ್ಯಾಪ್ಸ್ ಲಾಕ್ ಕೂಡ ಬೆರಳಚ್ಚಿನ ಕಾಲದ ಪಳೆಯುಳಿಕೆ, ತೆಗೆಯಿರಿ ಎನ್ನುವವರು ಇದ್ದಾರೆ. 2010ರಲ್ಲಿ ಗೂಗಲ್ ಸಂಸ್ಥೆ ತನ್ನ ಮೊದಲ ಕ್ರೋಮ್ ಲ್ಯಾಪ್‌ಟಾಪಿನಲ್ಲಿ ಅದನ್ನು ಕಿತ್ತು ಹುಡುಕಾಟದ ಕೀಲಿಯನ್ನು ಇಟ್ಟಾಗಿದೆ. ಒಕ್ಕಲೆಬ್ಬಿಸಿದವನಿಗೆ ಪಕ್ಕದ ಹೊಲ ತೋರಿಸಿ, ಆ ಹೊಲವನ್ನೂ ಅಳೆಯಲು ಸರಪಳಿ ಹಿಡಿದು ಬಂದ ಹಾಗೆ.

ಈ ವಿಚಾರವನ್ನು ಒಮ್ಮೆ ಆಕೆಯೊಡನೆ ಎತ್ತಿದೆ. ಕೀಲಿ ತೆಗೆಯುವುದರ ಬಗ್ಗೆ ಕೋಪವಿರಬಹುದೆಂದು ನಾನು ಬಗೆದಿದ್ದೆ. ಆಕೆ ಹೇಳಿದ್ದು ಬೇರೆ. “ಸರ್, ಕೀಲಿ ಹೋದದ್ದಕ್ಕ ನನಗ ಬ್ಯಾಸರಿಲ್ಲ. ಯಾವ ಮಷೀನಿನಾಗ ಎಲ್ಲಿ ಇಟ್ಟಾರ ಅಂತ ಪ್ರತಿ ಸಲ ತಡಕಾಡಬೇಕಲ್ಲ, ಅದಕ್ಕ ಬ್ಯಾಸರ.” ಒಂದು ಯಂತ್ರದಲ್ಲಿ ಇನ್ಸರ್ಟ್ ಡಿಲೀಟಿನ ಪಕ್ಕದಲ್ಲಿದೆ, ಇನ್ನೊಂದರಲ್ಲಿ ಡಿಲೀಟಿನ ಮೇಲೆಯೇ ಒತ್ತಾಗಿ ಕುಳಿತಿದೆ, ಫಂಕ್ಷನ್ ಜೊತೆ ಒತ್ತಬೇಕು, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಕೆಲವು ಯಂತ್ರಗಳಲ್ಲಿ ಬಲಮೇಲಿನ ಮೂಲೆಯಲ್ಲಿ ಡಿಲೀಟ್ ಇರಬೇಕಾದ ಜಾಗದಲ್ಲಿ ವಿದ್ಯುತ್ ಗುಂಡಿಯನ್ನು ಇಟ್ಟಿದ್ದಾರೆ. ಬೆರಳು ಅಭ್ಯಾಸದಂತೆ ಅಲ್ಲಿಗೆ ಹೋದರೆ ಯಂತ್ರ ನಿದ್ದೆಗೆ ಜಾರುತ್ತದೆ. ಕಣ್ಣಿದ್ದವನಿಗೆ ಪರದೆ ಕಪ್ಪಾದದ್ದು ಕಾಣುತ್ತದೆ, ಈಕೆಗೆ ಕೇಳಿಸುವುದು ಮೌನ ಮಾತ್ರ. ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಗೀರು ಇರುತ್ತದಲ್ಲ, ಅದನ್ನು ಸವರಿ ನೋಡಿ ಆಕೆ ಊರಿನ ದಿಕ್ಕು ತಿಳಿಯುತ್ತಾಳೆ. ಅಲ್ಲಿಂದ ಮುಂದೆ ಪ್ರತಿ ಮನೆಯೂ ತನ್ನ ಜಾಗದಲ್ಲೇ ಇರಬೇಕು.

ಎದುರು ಪಕ್ಷದವರು ಹೇಳುವುದನ್ನೂ ಹೇಳಿಬಿಡುತ್ತೇನೆ. ನೂರರಲ್ಲಿ ಬಹುಪಾಲು ಜನ ಈ ಕೀಲಿಗಳನ್ನು ವರ್ಷಕ್ಕೊಮ್ಮೆಯೂ ಒತ್ತುವುದಿಲ್ಲ. ಅವರೆಲ್ಲ ಇಕ್ಕಟ್ಟಿನಲ್ಲಿ ಬರೆಯಬೇಕೆ? ಸರಿಯಾದ ಪ್ರಶ್ನೆ. ಆದರೆ ಎಷ್ಟು ಜನ ಒತ್ತುತ್ತಾರೆ ಎಂದು ಎಣಿಸುವವರು, ಒತ್ತುವವನಿಗೆ ಬೇರೆ ದಾರಿ ಉಂಟೇ ಎಂದು ಕೇಳುವುದಿಲ್ಲ. ಜಾಗವಿಲ್ಲವೆಂಬ ಮಾತನ್ನು ನಾನು ಪೂರ್ತಿ ನಂಬುವುದೂ ಇಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಕರೆಯಲು ಕೋಪೈಲಟ್ ಎಂಬ ಹೊಸ ಕೀಲಿಯನ್ನೇ ಘೋಷಿಸಿತು; ಅದೇ ಇಕ್ಕಟ್ಟಾದ ಮಣೆಯ ಮೇಲೆ ಹೊಸ ನೆಂಟನಿಗೆ ತಕ್ಷಣ ಜಾಗವಾಯಿತು. ಆಪಲ್ ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯದ್ದು. 2016ರಲ್ಲಿ ಅವರು ತಮ್ಮ ದುಬಾರಿ ಲ್ಯಾಪ್‌ಟಾಪಿನ ಮೇಲುಸಾಲಿನ ಕೀಲಿಗಳನ್ನು ತೆಗೆದು ಅಲ್ಲಿ ಮುಟ್ಟಿದರೆ ಬದಲಾಗುವ ಗಾಜಿನ ಪಟ್ಟಿಯೊಂದನ್ನು ಕೂರಿಸಿದರು. ಎಸ್ಕೇಪ್ ಕೀಲಿ ಗಾಜಿನ ಮೇಲಿನ ಚಿತ್ರವಾಯಿತು. ತಂತ್ರಾಂಶ ಬರೆಯುವವರು ದಿನಕ್ಕೆ ನೂರಾರು ಬಾರಿ ಒತ್ತುವ ಕೀಲಿ ಅದು, ಅವರು ಬಿಡಲಿಲ್ಲ. 2019ರ ಹದಿನಾರು ಅಂಗುಲದ ಮಾದರಿಯಲ್ಲಿ ಎಸ್ಕೇಪ್ ನಿಜವಾದ ಕೀಲಿಯಾಗಿ ಮರಳಿತು. ಅವರಿಗೆ ಬಾಯಿ ಇತ್ತು, ಕೇಳಿಸಿತು. ಸಿರುಗುಪ್ಪದ ಗುಮಾಸ್ತನ ಮಾತು ಕ್ಯಾಲಿಫೋರ್ನಿಯಾಕ್ಕೆ ಹೇಗೆ ಕೇಳಿಸಬೇಕು?

ಇಷ್ಟು ಹೇಳಿ, ನನ್ನ ಸ್ವಂತ ಹೊಲಕ್ಕೆ ಬರುತ್ತೇನೆ. ಕನ್ನಡದಲ್ಲಿ ನಾವು ಎರಡು ಅಕ್ಷರಗಳನ್ನು ಕಳೆದುಕೊಂಡಿದ್ದೇವೆ: ಶಕಟರೇಫವೆಂದು ಕರೆಯುವ ಱ, ಮತ್ತು ರಳವೆಂದು ಕರೆಯುವ ೞ. ಮಳೆ, ಬಾಳೆ, ಕೋಳಿ, ಹುಳು ಎಂದು ಇಂದು ಬರೆಯುವಲ್ಲೆಲ್ಲ ಹಳಗನ್ನಡದಲ್ಲಿ ೞ ಇತ್ತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣವನ್ನು ಬರೆಯುವ ಹೊತ್ತಿಗೆ ಜನರ ಬಾಯಿಂದ ಅದು ಜಾರಿಯಾಗಿತ್ತು. ಯಾವ ಮಾತಿನಲ್ಲಿ ಯಾವ ಳಕಾರ ಎಂದು ಅವನು ಪಟ್ಟಿ ಮಾಡಿ ಹೇಳಬೇಕಾಯಿತು. ಬಾಯಿಗೆ ಬೇಡವಾದದ್ದು ಓದಿಗೆ ಬೇಡವಾಗುವುದಿಲ್ಲ. ಅಱಿ ಎಂದರೆ ತಿಳಿ. ಅರಿ ಎಂದರೆ ಕತ್ತರಿಸು. ಅೞಿ ಎಂದರೆ ನಾಶವಾಗು. ಅಳಿ ಎಂದರೆ ದುಂಬಿ. ಹಿಂದೆ ಸಂಶೋಧನ ಪ್ರಬಂಧವೊಂದು ಬೆರಳಚ್ಚಾಗಿ ನನ್ನ ಮೇಜಿಗೆ ಬಂದಾಗ, ಅಚ್ಚು ಮಾಡಿದವರು ಕೀಲಿ ಸಿಗದೆ ಎಲ್ಲ ಱಗಳನ್ನೂ ರ ಮಾಡಿದ್ದರು. ವೀರರೆಲ್ಲ ಧರ್ಮವನ್ನು ‘ಅರಿದು’ ಹಾಕಿದ್ದರು.

ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದರಿಂದ ನಮ್ಮ ಶಾಸನಗಳು ರೈಸ್ ಸಾಹೇಬರ ಸಂಪುಟಗಳಲ್ಲಿ ಇಲ್ಲ. ದಕ್ಷಿಣ ಭಾರತದ ಶಾಸನಗಳು ಎಂಬ ಮಾಲೆಯ ಒಂಬತ್ತನೆಯ ಸಂಪುಟವನ್ನು ತೆರೆಯಬೇಕು. ಕುರುಗೋಡಿನ ಸಿಂದರು ಆಳಿದ ಹನ್ನೆರಡನೆಯ ಶತಮಾನದ ಕಲ್ಲುಗಳನ್ನು ಇಂದಿನ ವಿದ್ಯಾರ್ಥಿ ಗಣಕಕ್ಕೆ ಏರಿಸಬೇಕಾದರೆ ಅವನಿಗೆ ಈ ಎರಡು ಅಕ್ಷರ ಬೇಕು. ಸಂತೋಷದ ಸಂಗತಿಯೆಂದರೆ ಸಿಗುತ್ತವೆ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಮಾದರಿಯಾಗಿ ಕೇಂದ್ರ ಸರಕಾರ ಒಪ್ಪಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ರಕಾರದ ಕೀಲಿಯನ್ನು ಶಿಫ್ಟಿನೊಡನೆ ಒತ್ತಿದರೆ ಱ ಬರುತ್ತದೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲೆಲ್ಲ ಹರಡಿದ ವಿನ್ಯಾಸದಲ್ಲಿ, ವರ್ಣಮಾಲೆಯಲ್ಲಿ ಸ್ಥಾನವಿದ್ದೂ ಬರವಣಿಗೆಯಲ್ಲಿ ಅಪರೂಪವಾದ ಙ, ಞ ಎರಡನ್ನೂ ಝೆಡ್ ಎಂಬ ಒಂದೇ ಕೀಲಿಯ ಮೇಲೆ ಕೂರಿಸಿದ್ದಾರೆ. ಏಳಿಸಲಿಲ್ಲ, ಒತ್ತರಿಸಿ ಕೂರಿಸಿದರು. ಇದು ತಿಳಿದವರ ಕೆಲಸ.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿಯೂ ೞಕ್ಕೆ ಸ್ಥಾನವಿದೆ. ಆದರೆ ಮೊದಲು ಪಟ್ಟಿ ಮಾಡಿದವರು ಅದನ್ನು ಏನೆಂದು ತಿಳಿದರೋ, ‘ಫ’ ಎಂಬ ಉಚ್ಚಾರದ ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ. ತಪ್ಪೆಂದು ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದಾರೆ, ಹೆಸರು ಹಾಗೆಯೇ ಇದೆ. ನಮ್ಮ ಕೇಶಿರಾಜನಿಗೆ ಇದು ತಿಳಿದರೆ ಏನೆನ್ನುತ್ತಿದ್ದನೋ. ಆದರೂ ಆ ನಿಯಮದ ಹಿಂದೆ ಒಂದು ವಿವೇಕವಿದೆ: ಹೆಸರು ತಪ್ಪಾದರೂ ಜಾಗ ಕದಲಬಾರದು, ಏಕೆಂದರೆ ಆ ಜಾಗವನ್ನು ನಂಬಿ ಯಾರೋ ಎಲ್ಲಿಯೋ ಬರೆದಿಟ್ಟಿದ್ದಾರೆ. 2021ರಲ್ಲಿ, ಹಳೆಯ ಬರಹಗಳಲ್ಲಿ 'ನ್' ಎಂಬುದಕ್ಕೆ ಬಳಸುತ್ತಿದ್ದ ನಕಾರಪೊಲ್ಲು ಎಂಬ ಅಕ್ಷರಕ್ಕೆ ಸಹ ಅಲ್ಲಿ ಹೊಸದಾಗಿ ಸ್ಥಾನ ಸಿಕ್ಕಿತು.

ಹಾಗಾದರೆ ನನ್ನ ತೀರ್ಪೇನು ಎಂದು ಕೇಳುವಿರಿ. ಸ್ಕ್ರೋಲ್ ಲಾಕ್, ಪಾಸ್, ಬ್ರೇಕ್ ಇವು ಲ್ಯಾಪ್‌ಟಾಪಿನ ಮೇಲೆ ಸ್ವಂತ ಮಣೆ ಕೇಳುವ ಕಾಲ ಮುಗಿಯಿತು, ಒತ್ತಕ್ಷರವಾಗಿ ಇರಲಿ. ಸಿಸ್ಟಮ್ ರಿಕ್ವೆಸ್ಟ್ ಕೂಡ ಹಾಗೆಯೇ; ಲಿನಕ್ಸ್ ಬಳಸುವವರು ಯಂತ್ರ ಮರಗಟ್ಟಿದಾಗ ಅದನ್ನು ಎಚ್ಚರಿಸಲು ಆ ಕೀಲಿಗೆ ಮೊರೆಹೋಗುತ್ತಾರೆ, ಆದ್ದರಿಂದ ಪೂರ್ತಿ ಅಳಿಸುವುದು ಬೇಡ. ಎಫ್ ಸಾಲು ಎಫ್ ಸಾಲಾಗಿಯೇ ಇರಲಿ, ಧ್ವನಿ ಬೆಳಕುಗಳು ಒತ್ತಾಗಲಿ. ಇನ್ಸರ್ಟ್ ಮಾತ್ರ ಸ್ವಂತ ಕೀಲಿಯಾಗಿಯೇ ಇರಬೇಕು. ಅದುಮಿ ಹಿಡಿಯಬೇಕಾದ ಕೀಲಿಯನ್ನು ಇನ್ನೊಂದರ ಒತ್ತಾಗಿ ಮಾಡಿದರೆ ಒಂದು ಅಪ್ಪಣೆಗೆ ಮೂರು ಬೆರಳು ಬೇಕಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒತ್ತಾಗಲಿ ಪೂರ್ಣವಾಗಲಿ, ಎಲ್ಲ ಕಂಪನಿಗಳಲ್ಲೂ ಒಂದೇ ಜಾಗದಲ್ಲಿ ಇರಲಿ. ಅಕ್ಷರಗಳ ಸಾಲಿನಲ್ಲಿ ಈ ಒಪ್ಪಂದ ನಡೆದುಬಂದಿದೆ. ಎ ಕೀಲಿಯನ್ನು ತಮಗೆ ತೋಚಿದಲ್ಲಿ ಇಡುವ ಧೈರ್ಯ ಅವರಲ್ಲಿ ಯಾರಿಗೂ ಇಲ್ಲ. ಅಂಚಿನ ಕೀಲಿಗಳಿಗೆ ಮಾತ್ರ ಏಕೆ ಈ ಅನಾಥಸ್ಥಿತಿ?

ಕಂಪನಿಗಳಿಗೆ ನಮ್ಮ ಮಾತು ಮುಟ್ಟದಿರಬಹುದು. ಖರೀದಿಯ ಪಟ್ಟಿ ಮುಟ್ಟುತ್ತದೆ. ನಮ್ಮ ಕಾಲೇಜುಗಳು, ಬ್ಯಾಂಕುಗಳು, ಇಲಾಖೆಗಳು ಲ್ಯಾಪ್‌ಟಾಪ್ ಕೊಳ್ಳಲು ಟೆಂಡರ್ ಕರೆಯುವಾಗ ಪರದೆ ಎಷ್ಟು ಅಂಗುಲ, ಸ್ಮರಣೆ ಎಷ್ಟು, ಬ್ಯಾಟರಿ ಎಷ್ಟು ಗಂಟೆ ಎಂದೆಲ್ಲ ಪುಟಗಟ್ಟಲೆ ಬರೆಯುತ್ತವೆ. ಕೀಲಿಮಣೆಯ ಬಗ್ಗೆ ಇರುವುದು ಸಾಮಾನ್ಯವಾಗಿ ಒಂದೇ ಮಾತು, ‘ಸ್ಟ್ಯಾಂಡರ್ಡ್’ ಎಂದು. ಆ ಮಾತಿನ ಮುಂದೆ ಇನ್ನೊಂದು ಸಾಲು ಬರೆಯಲಿ: ಇನ್ಸರ್ಟ್ ಕೀಲಿ ಪ್ರತ್ಯೇಕವಾಗಿ ಇರತಕ್ಕದ್ದು, ವಿದ್ಯುತ್ ಗುಂಡಿ ಅಕ್ಷರದ ಕೀಲಿಗಳ ನಡುವೆ ಇರತಕ್ಕದ್ದಲ್ಲ. ಖರೀದಿ ಸಮಿತಿಯಲ್ಲಿ ಕೂರುವ ಅಧ್ಯಾಪಕ ಮಿತ್ರರು ಅನೇಕರು ಈ ಹೊತ್ತು ಕೇಳುತ್ತಿರಬಹುದು. ಸಹಿ ಹಾಕುವ ಮೊದಲು ಮಾದರಿಯ ಯಂತ್ರವೊಂದನ್ನು ತರಿಸಿ, ಕಣ್ಣು ಮುಚ್ಚಿ ಬಲಮೇಲಿನ ಮೂಲೆಯನ್ನು ಒಮ್ಮೆ ಸವರಿ ನೋಡಿ.